ತೂಕ ಇಳಿಯಿತು, ತೋಳೂ ಇಳಿಯಿತು

ಪ್ರಶ್ನೆ: ವಯಸ್ಸು 34. ಅನ್ನ, ಚಪಾತಿ, ಬೇಳೆ, ಮೊಸರು, ಸಕ್ಕರೆ ಬಿಟ್ಟು, ಹಳೆ ಶಿಲಾಯುಗದ ಜನರಂತೆ ಉಣ್ಣಬೇಕೆನ್ನುವ ಪ್ಯಾಲಿಯೋ ಪಥ್ಯ ಶುರುಮಾಡಿ ಆರು ವಾರವಾಯಿತು. 82 ಕಿಲೊ ಇದ್ದವನು 76ಕ್ಕೆ ಬಂದಿದ್ದೇನೆ. ಆದರೆ ತೋಳು ಸೊರಗಿದೆ, 80 ಕಿಲೊ ಇದ್ದ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತೇಳುವುದು) 60ಕ್ಕೆ ಇಳಿದಿದೆ. ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಎರಡು ತುಂಡು ಬಂಗುಡೆ ಹಾಕಿದ ಗಸಿ, ಸಂಜೆ ಒಂದು ಹಿಡಿ ಗೋಡಂಬಿ, ರಾತ್ರಿ ನಾಲ್ಕು ತುಂಡು ಕೋಳಿ. ಕೊಬ್ಬು ಕರಗಲಿ ಎಂದು ಭಾರ ಇಳಿಸಿ 25 ಸಲ ಎತ್ತುತ್ತಿದ್ದೇನೆ, ದಿನಾ ಒಂದು ಗಂಟೆ ಓಡುತ್ತೇನೆ. ಎಲ್ಲಿ ಎಡವಿದೆ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಮೊದಲು ನಿಮ್ಮ ತಟ್ಟೆಯ ಲೆಕ್ಕ ಹಾಕೋಣ. ಎರಡು ಮೊಟ್ಟೆಗೆ 12 ಗ್ರಾಂ ಪ್ರೋಟೀನ್. ಮುಳ್ಳು ತೆಗೆದ ಬಂಗುಡೆ 100 ಗ್ರಾಂ ಎಂದುಕೊಂಡರೆ 19. ಗೋಡಂಬಿಯಿಂದ 5, ಕೋಳಿಯಿಂದ ಸುಮಾರು 25. ಒಟ್ಟು 60 ಚಿಲ್ಲರೆ. ಕೂತು ಕೆಲಸ ಮಾಡುವವರಿಗೆ ಇಷ್ಟು ಸಾಕು. ಊಟ ಕಡಿಮೆ ಮಾಡಿ ಸ್ನಾಯು ಉಳಿಸಿಕೊಳ್ಳಬೇಕಾದವರಿಗೆ ದೇಹತೂಕದ ಪ್ರತಿ ಕಿಲೊಗೆ 1.6ರಿಂದ 2.2 ಗ್ರಾಂ ಬೇಕು. ನಿಮಗೆ ಕನಿಷ್ಠ 122. ಅಂದರೆ ಬೇಕಾದುದರ ಅರ್ಧದಲ್ಲೇ ದಿನ ದೂಡಿದ್ದೀರಿ.

ಬೇಳೆ, ಮೊಸರು ಹೋದ ಜಾಗಕ್ಕೆ ತೆಂಗಿನಕಾಯಿ ಮತ್ತು ಗೋಡಂಬಿ ಬಂದು ಕೂರುವುದು ಕರಾವಳಿಯ ಪ್ಯಾಲಿಯೋದ ಮಾಮೂಲಿ ಕಥೆ. 100 ಗ್ರಾಂ ಕಾಯಿತುರಿಯಲ್ಲಿ 350 ಕ್ಯಾಲೊರಿ ಇದೆ, ಪ್ರೋಟೀನ್ ಮೂರೇ ಗ್ರಾಂ. ಗಸಿ ಬಿಡಬೇಕಿಲ್ಲ, ಒಬ್ಬರ ಪಾಲಿಗೆ 20 ಗ್ರಾಂ ತುರಿ ಸಾಕು.

ಹೀಗೆ ಬದಲಿಸಿ: ಬೆಳಿಗ್ಗೆ ಮೂರು ಇಡೀ ಮೊಟ್ಟೆ ಜೊತೆಗೆ ಮೂರರ ಬಿಳಿ (29 ಗ್ರಾಂ). ಮಧ್ಯಾಹ್ನ 200 ಗ್ರಾಂ ಮೀನು (38). ಇದು ಮುಳ್ಳು, ತಲೆ ಕಳೆದ ಲೆಕ್ಕ. ಮಾರ್ಕೆಟ್‌ನಲ್ಲಿ ಇಡೀ ಬಂಗುಡೆ 400 ಗ್ರಾಂ ತೂಗಿಸಬೇಕು. ಸಂಜೆ ಗೋಡಂಬಿಯ ಬದಲು ಎರಡು ಬೇಯಿಸಿದ ಮೊಟ್ಟೆ (12). ರಾತ್ರಿ ಮೂಳೆಯಿಲ್ಲದ ಕೋಳಿ ಎದೆಮಾಂಸ, ಹಸಿಯಾಗಿ ತೂಗಿದರೆ 200 ಗ್ರಾಂ (45). ಬೇಯಿಸಿದ ಮೇಲೆ ತೂಗಿ ಹಸಿಮಾಂಸದ ಪಟ್ಟಿ ನೋಡಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ವ್ಯಾಯಾಮದ ದಿನ ಒಂದೆರಡು ಗಂಟೆ ಮೊದಲು ಬೇಯಿಸಿದ ಗೆಣಸು ಅಥವಾ ಸುವರ್ಣಗಡ್ಡೆ 200 ಗ್ರಾಂ ತಿನ್ನಿ. ಪಿಷ್ಟವೇ ಇಲ್ಲದೆ ಸ್ಕ್ವಾಟ್‌ಗೆ ನಿಂತರೆ ಮೂರನೇ ಸೆಟ್ಟಿಗೇ ಕಾಲು ಸೋಲುತ್ತದೆ.

ಇನ್ನು ಜಿಮ್. ‘ಕಡಿಮೆ ಭಾರ, ಹೆಚ್ಚು ಸಲ, ಕೊಬ್ಬು ಮಾಯ’ ಎಂಬ ಬುದ್ಧಿವಾದವನ್ನು ಯಾರೇ ಹೇಳಿದ್ದರೂ ಮರೆತುಬಿಡಿ. ಕೊಬ್ಬು ಕರಗಿಸುವುದು ಊಟದ ಕೊರತೆ. ಭಾರ ಎತ್ತುವುದು ಸ್ನಾಯುವಿಗೆ ‘ನಿನ್ನಿಂದ ಇನ್ನೂ ಕೆಲಸವಿದೆ’ ಎಂದು ತಿಳಿಸಲು. ಭಾರವನ್ನೇ ಇಳಿಸಿದರೆ ಆ ಸೂಚನೆ ಕುಂದಬಹುದು. ವಾರಕ್ಕೆ ಮೂರು ದಿನ ಸ್ಕ್ವಾಟ್, ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲೆ ತಳ್ಳುವುದು), ರೋ (ಬಾಗಿ ಹೊಟ್ಟೆಯತ್ತ ಎಳೆಯುವುದು); 5ರಿಂದ 8 ಸಲ. ಸ್ಕ್ವಾಟನ್ನು 60ರಿಂದ ವಾರಕ್ಕೆ ಎರಡೂವರೆ ಕಿಲೊ ಏರಿಸುತ್ತ ಹೋಗಿ. ದಣಿವಾದರೆ ಒಂದು ಸೆಟ್ ಬಿಡಿ, ಭಾರ ಬಿಡಬೇಡಿ. ಓಟದ ಜಾಗಕ್ಕೆ 40 ನಿಮಿಷದ ಬಿರುಸು ನಡಿಗೆ ಸಾಕು.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 40 ಯುವಕರಿಗೆ ನಾಲ್ಕು ವಾರ ಶೇ 40ರಷ್ಟು ಕ್ಯಾಲೊರಿ ಕಡಿತ ಮಾಡಿ ಕಠಿಣ ವ್ಯಾಯಾಮ ಮಾಡಿಸಿದ್ದರು. ಕಿಲೊಗೆ 2.4 ಗ್ರಾಂ ಪ್ರೋಟೀನ್ ತಿಂದ ಗುಂಪು ಸರಾಸರಿ 4.8 ಕಿಲೊ ಕೊಬ್ಬು ಕಳೆದುಕೊಂಡು, ಕೊಬ್ಬಲ್ಲದ ತೂಕವನ್ನು 1.2 ಕಿಲೊ ಹೆಚ್ಚಿಸಿಕೊಂಡಿತು. 1.2 ಗ್ರಾಂ ತಿಂದವರ ಕೊಬ್ಬು ಇಳಿದದ್ದು 3.5 ಕಿಲೊ, ಸ್ನಾಯು ಬೆಳೆಯದಿದ್ದರೂ ಹೋಗಲಿಲ್ಲ. ಭಾರ ಎತ್ತಿದ್ದರ ಫಲ ಅದು.

ನೀವು ಇಳಿಸಿದ ಆರು ಕಿಲೊದಲ್ಲಿ ಮೊದಲ ಒಂದೆರಡು ಕಿಲೊ ನೀರು ಎಂಬುದೂ ಗೊತ್ತಿರಲಿ. ಅನ್ನ ಬಿಟ್ಟಾಗ ದೇಹ ಕೂಡಿಟ್ಟ ಪಿಷ್ಟವಾದ ಗ್ಲೈಕೋಜನ್ ಖಾಲಿಯಾಗಿ, ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಇನ್ನು ಮುಂದೆ ವಾರಕ್ಕೆ 400ರಿಂದ 700 ಗ್ರಾಂ ಇಳಿದರೆ ಸಾಕು. ಹೊಕ್ಕುಳ ಮಟ್ಟದಲ್ಲಿ ಸೊಂಟ, ತೋಳಿನ ಸುತ್ತಳತೆ, ಎತ್ತಿದ ಭಾರ, ಈ ಮೂರನ್ನೂ ಭಾನುವಾರ ಬರೆದಿಡಿ. ಸೊಂಟ ಇಳಿದು, ಎತ್ತುವ ಭಾರ ಕುಗ್ಗದಿದ್ದರೆ ಹೋದದ್ದು ಕೊಬ್ಬೇ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದವರು. ಪ್ಯಾಲಿಯೋ ಮಾಡಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ನಿಯಮದ ಪ್ರಕಾರ ಹೋದರೆ ಬೇಡ. ಕಾಳು, ಹಾಲು ಎರಡನ್ನೂ ಬಿಟ್ಟ ಸಸ್ಯಾಹಾರಿಗೆ ಪ್ರೋಟೀನ್‌ಗೆ ಉಳಿಯುವುದು ಬಾದಾಮಿಯಂಥ ಬೀಜಗಳು. 60 ಗ್ರಾಂ ಪ್ರೋಟೀನ್ ಬಾದಾಮಿಯಿಂದಲೇ ಬರಬೇಕೆಂದರೆ ಹತ್ತಿರ 285 ಗ್ರಾಂ ತಿನ್ನಬೇಕು, 1,600ಕ್ಕೂ ಮೀರಿದ ಕ್ಯಾಲೊರಿ. ಮೈದಾ, ಸಕ್ಕರೆ, ಬೇಕರಿ ತಿಂಡಿ, ಕರಿದದ್ದು ಬಿಡುವ ಪಾಠವಷ್ಟನ್ನೇ ಪ್ಯಾಲಿಯೋದಿಂದ ತೆಗೆದುಕೊಳ್ಳಿ. ಪನೀರ್ 100 ಗ್ರಾಂ (18 ಗ್ರಾಂ ಪ್ರೋಟೀನ್), ಒಣ ಸೋಯಾ ಚಂಕ್ಸ್ 50 ಗ್ರಾಂ (26), ನೀರು ಬಸಿದ ಗಟ್ಟಿ ಮೊಸರು, ಮೊಳಕೆ ಹುರುಳಿ ಇರಲಿ. ಕಾಳಿನ ಲೆಕ್ಟಿನ್ (ಹಸಿಯಾಗಿ ತಿಂದರೆ ಹೊಟ್ಟೆ ಕೆಡಿಸಬಲ್ಲ ಒಂದು ಪ್ರೋಟೀನ್) ಬಗ್ಗೆ ಹೆದರಿಸುವವರಿದ್ದಾರೆ. ರಾತ್ರಿ ನೆನೆಸಿ ಚೆನ್ನಾಗಿ ಬೇಯಿಸಿದರೆ ಅದು ಬಹುಪಾಲು ನಾಶವಾಗುತ್ತದೆ. ಅಷ್ಟಕ್ಕೂ ಬಳ್ಳಾರಿಯ ಸಂಗನಕಲ್ಲಿನ ನವಶಿಲಾಯುಗದ ಜನರೇ ಹುರುಳಿ ಬೆಳೆದು ತಿಂದವರು. ಪ್ಯಾಲಿಯೋ ತಟ್ಟೆಯ ಗೆಣಸು, ಟೊಮೆಟೊ ನಮ್ಮಲ್ಲಿಗೆ ಬಂದದ್ದು ಪೋರ್ಚುಗೀಸರು ಬಂದ ಮೇಲೆ.

ಪ್ರಶ್ನೆ: ಸೈಂಧವ ಲವಣ ಮಾತ್ರ ಬಳಸಬೇಕಂತೆ, ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ಇಲ್ಲ. ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಹಾಲನ್ನೂ ಬಿಟ್ಟು, ಸಮುದ್ರದ ಮೀನೂ ಸಿಗದ ಊರಲ್ಲಿದ್ದರೆ ಥೈರಾಯ್ಡ್‌ಗೆ ತೊಂದರೆ. ಅಯೋಡಿನ್ ಉಪ್ಪೇ ಇರಲಿ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತೇನೆ. ನಾಳೆಯಿಂದಲೇ ಶುರುಮಾಡಲೇ?
– ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ಮಾತ್ರೆಯ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದು, ಅನ್ನ ಒಮ್ಮೆಲೇ ನಿಲ್ಲಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರು ಪಿಷ್ಟ ತೀರಾ ಇಳಿಸಿದರೆ, ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಅದರ ಲಕ್ಷಣ. ಹೋದಾಗ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿ, ಮೂತ್ರಪಿಂಡ ಸೋತಿದ್ದರೆ ಮೇಲಿನ ಪ್ರೋಟೀನ್ ಲೆಕ್ಕ ನಿಮಗೆ ಅನ್ವಯಿಸದು.