ಓದುಗರ ಪ್ರಶ್ನೆ: ಗಾಳದ ನೊಣಕ್ಕೆ ಟರ್ಕಿ ಕೋಳಿಯ ಗರಿ

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಣ್ಣನಿಗೆ ಅಲ್ಲಿನ ಗೆಳೆಯರೊಬ್ಬರು ಬೇಟೆಯಾಡಿದ ಕಾಡು ಟರ್ಕಿ ಕೋಳಿಯ ರೆಕ್ಕೆ ಮತ್ತು ಬಾಲದ ಗರಿಗಳನ್ನು ಕೊಟ್ಟಿದ್ದಾರೆ. ಗಾಳದ ಕೊಕ್ಕೆಗೆ ಗರಿ, ದಾರ ಸುತ್ತಿ ಮೀನು ಸೆಳೆಯುವ ಕೃತಕ ನೊಣ ಕಟ್ಟಲು ಅವನ್ನು ಊರಿಗೆ ತರಿಸಿಕೊಳ್ಳಬಹುದೇ? ಇಲ್ಲಿನ ಸಾಕು ಟರ್ಕಿಯ ಗರಿ ಸಾಲದೇ? ನಾನು ಕಟ್ಟಿದ ನೊಣದ ರೆಕ್ಕೆ ನಾಲ್ಕು ಎಸೆತಕ್ಕೇ ಸೀಳಿಹೋಗುತ್ತದೆ. ಪರಿಹಾರ ತಿಳಿಸಿ.
— ಓದುಗರೊಬ್ಬರು, ಗಂಗಾವತಿ

ಉತ್ತರ: ದಯವಿಟ್ಟು ತರಿಸಬೇಡಿ. ಹಸಿ ಗರಿಯೊಂದಿಗೆ ಹಕ್ಕಿಜ್ವರದಂಥ ರೋಗಗಳು ಬರುವ ಅಪಾಯವಿದೆ. 1898ರ ಜಾನುವಾರು ಆಮದು ಕಾಯ್ದೆಯಡಿ ಪ್ರಾಣಿಜನ್ಯ ವಸ್ತುಗಳ ಆಮದಿಗೆ ನಿರ್ಬಂಧವೂ ಇದೆ. ನಿಮ್ಮ ಕೆಲಸಕ್ಕೆ ಅವು ಬೇಕಾಗಿಯೂ ಇಲ್ಲ. ಕಾಡು ಟರ್ಕಿ ಮತ್ತು ಸಾಕು ಟರ್ಕಿ ಒಂದೇ ಜಾತಿಯ ಹಕ್ಕಿಗಳು. ಮೆಕ್ಸಿಕೋದಲ್ಲಿ ಪಳಗಿಸಿದ ಟರ್ಕಿಯನ್ನು ಸ್ಪೇನಿನವರು 16ನೇ ಶತಮಾನದಲ್ಲಿ ಯುರೋಪಿಗೆ ಒಯ್ದರು. ಇಂದಿನ ಸಾಕು ತಳಿಗಳೆಲ್ಲ ಆ ವಂಶದವೇ. ಪೂರ್ವ ಅಮೆರಿಕದ ಕಾಡು ಟರ್ಕಿಯ ಬಾಲದ ತುದಿ ಕಂದು, ಕಂಚುಬಣ್ಣದ ಸಾಕು ಟರ್ಕಿಯ ತುದಿ ಬಿಳಿ; ನೊಣ ಕಟ್ಟುವವರಿಗೆ ಈ ವ್ಯತ್ಯಾಸದಿಂದ ಹೆಚ್ಚೇನೂ ನಷ್ಟವಿಲ್ಲ. ಆದರೆ ಪೂರ್ತಿ ಬಿಳಿಯ ಹಕ್ಕಿಯ ಗರಿಯಲ್ಲಿ ಚುಕ್ಕೆ ಇರುವುದಿಲ್ಲವಾದ್ದರಿಂದ ಟರ್ಕಿ ಸಾಕಿದವರನ್ನು ಕೇಳುವಾಗ ಕಂಚುಬಣ್ಣದ ಹಕ್ಕಿಯ ಗರಿಯನ್ನೇ ಕೇಳಿ.

ಒಂದು ರೆಕ್ಕೆಯಲ್ಲೇ ಬೇರೆ ಬೇರೆ ಕೆಲಸದ ಗರಿಗಳಿರುತ್ತವೆ. ತುದಿಯ ದೊಡ್ಡ ಗರಿಗಳಲ್ಲಿ ಕಪ್ಪು ಬಿಳುಪಿನ ಅಡ್ಡಪಟ್ಟಿಗಳಿವೆ. ಅವುಗಳ ಕಿರಿದಾದ ಅಂಚಿನ ಗಡಸು ಎಳೆಗಳನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ ಕೊಕ್ಕೆಗೆ ಸುತ್ತಿದರೆ ಹುಳುವಿನ ಮೈಯಂತೆ ಗೆರೆಗೆರೆಯಾಗಿ ಕೂರುತ್ತವೆ, ನೆನೆಸದಿದ್ದರೆ ಸೀಳುತ್ತವೆ. ಒಳಗಿನ ಗರಿಗಳಲ್ಲಿ ಕಂದು ಚುಕ್ಕೆಗಳ ಬಲೆಯಿದ್ದು, ಮಿಡತೆಯ ಹಾಗೂ ಸಣ್ಣಮೀನಿನ ಅನುಕರಣೆಗಳ ರೆಕ್ಕೆ ಅವುಗಳಿಂದಲೇ ಆಗುತ್ತದೆ. ಮೈಯ ಬುಡದ ನಯವಾದ ತುಪ್ಪಳವನ್ನು ಅಂಗಡಿಯವರು ಮರಬು ಎನ್ನುತ್ತಾರೆ. ಹಿಂದೆ ಅದು ಆಫ್ರಿಕಾದ ಮರಬು ಕೊಕ್ಕರೆಯಿಂದ ಬರುತ್ತಿದ್ದರಿಂದ ಆ ಹೆಸರು ಉಳಿದಿದೆ, ಈಗ ಮಾರಾಟವಾಗುವುದು ಟರ್ಕಿಯದೇ. ಒಂದು ಎಳೆಯನ್ನು ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟು ನೋಡಿ: ಒಣಗಿದ್ದಾಗ ಹತ್ತಿಯಂತೆ ಉಬ್ಬಿದ್ದದ್ದು ನೀರಿನಲ್ಲಿ ಸಣ್ಣಗಾಗಿ, ಬೆರಳಿನಿಂದ ತುಸು ಅಲುಗಿಸಿದರೂ ಬಾಲ ಬಡಿಯುವ ಮರಿಮೀನಿನಂತೆ ಮಿಡಿಯುತ್ತದೆ. ಸಣ್ಣಮೀನನ್ನು ಅನುಕರಿಸುವ ಮಡ್ಲರ್ ಮಿನ್ನೋ ಎಂಬ ನೊಣಕ್ಕಿಂತ ಮೊದಲು ನೀವು ಕಟ್ಟಬೇಕಾದ್ದು ಈ ಮರಬು ಬಾಲದ ನೊಣವೆಂದು ನನ್ನ ಅಭಿಪ್ರಾಯ. ಜಿಲೇಬಿ ಮೀನಿಗೂ ಕೊರವಕ್ಕೂ ಇದನ್ನೇ ಕಟ್ಟಿ ನೋಡಿ.

ರೆಕ್ಕೆ ಸೀಳುವುದರ ಬಗ್ಗೆ. ಅಮೆರಿಕದ ಡಾನ್ ಗೇಪೆನ್ 1930ರ ದಶಕದಲ್ಲಿ ಕೆನಡಾದ ನಿಪಿಗಾನ್ ನದಿಗಾಗಿ ಕಟ್ಟಿದ ಮಡ್ಲರ್ ಮಿನ್ನೋಗೆ ಟರ್ಕಿಯ ಚುಕ್ಕೆಗರಿಯೇ ರೆಕ್ಕೆ, ಬಹುಶಃ ನೀವು ಕಟ್ಟುತ್ತಿರುವುದೂ ಅದನ್ನೇ. ಎಡ ಮತ್ತು ಬಲ ರೆಕ್ಕೆಯ ಒಂದೇ ಸ್ಥಾನದ ಎರಡು ಗರಿಗಳನ್ನು ಆರಿಸಿ, ಹಿಂಬದಿಗೆ ತೆಳುವಾಗಿ ಬಣ್ಣವಿಲ್ಲದ ವಾರ್ನಿಷ್ ಸವರಿ, ಪೂರ್ತಿ ಒಣಗಿದ ಮೇಲೆಯೇ ಕೊಕ್ಕೆಯ ಬಾಯಿಯ ಅಗಲಕ್ಕಿಂತ ತುಸು ಕಿರಿದಾದ ಪಟ್ಟಿಗಳನ್ನು ಕತ್ತರಿಸಿ. ಅವನ್ನು ಒಳಬಾಗು ಎದುರುಬದುರಾಗುವಂತೆ ಜೋಡಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ದಾರವನ್ನು ಬೆರಳುಗಳೊಳಗೆ ಸಡಿಲ ಕುಣಿಕೆಯಾಗಿ ಹಾಯಿಸಿ ನೇರವಾಗಿ ಕೆಳಕ್ಕೆ ಎಳೆಯಬೇಕು. ಹಿಡಿತ ಬಿಟ್ಟು ಎಳೆದರೆ ಪಟ್ಟಿ ಕೊಕ್ಕೆಯ ಕಡ್ಡಿಯ ಸುತ್ತ ಹೊರಳಿಕೊಳ್ಳುತ್ತದೆ, ಆಮೇಲೆ ಎಷ್ಟು ಸವರಿದರೂ ನೆಟ್ಟಗಾಗುವುದಿಲ್ಲ. ಇಷ್ಟಾದರೂ ಕೆಲವು ಮೀನು ಕಚ್ಚಿದ ಮೇಲೆ ರೆಕ್ಕೆ ಹರಿಯುತ್ತದೆ, ಅದು ಕಟ್ಟಿದವರ ತಪ್ಪಲ್ಲ.

ಆ ನೊಣದ ತಲೆಗೆ ಜಿಂಕೆಯ ಕೂದಲು ಬೇಕೆಂದು ಓದಿರುತ್ತೀರಿ. ನಮ್ಮ ಜಿಂಕೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಆ ಕೂದಲನ್ನು ಮುಟ್ಟಬೇಡಿ. ಅದರ ಬದಲು ಬಳ್ಳಾರಿ ಕುರಿಯ ಒರಟು ಉಣ್ಣೆಯನ್ನು ಕಂಬಳಿ ನೇಯುವವರಿಂದ ಒಂದು ಹಿಡಿ ಕೇಳಿ ತನ್ನಿ. ಜಿಂಕೆಯ ಕೂದಲಿನ ತಲೆ ತೇಲುತ್ತದೆ, ಉಣ್ಣೆಯ ತಲೆ ನೀರು ಕುಡಿದು ಮುಳುಗುತ್ತದೆ. ತಳದ ಕಲ್ಲುಸಂದಿಗೆ ನೊಣವನ್ನು ಇಳಿಸಬೇಕಾದಾಗ ಇದೇ ಒಳ್ಳೆಯದು. ಗರಿಯ ರೆಕ್ಕೆಯಡಿ ಕಟ್ಟುವ ಒಳರೆಕ್ಕೆಗೆ ಅಳಿಲಿನ ಬಾಲದ ಬದಲು ಮೇಕೆಯ ಕೂದಲು ಸಾಕು.

ಗರಿ ಸಿಕ್ಕ ದಿನವೇ ಸಾಬೂನು ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಿ. ಗರಿ ತಿನ್ನುವ ಹುಳುಗಳು ಮನೆ ಹೊಕ್ಕರೆ ಕಂಬಳಿಯನ್ನೂ ಬಿಡುವುದಿಲ್ಲ.

ನೀವು ಗಂಗಾವತಿಯವರಾದ್ದರಿಂದ ಇನ್ನೊಂದು ಮಾತು. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ತುಂಗಭದ್ರಾ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ; ಅಲ್ಲಿ ಗಾಳ ಹಾಕುವ ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸಿ. ಬೇರೆಡೆಗೂ ಮೀನುಗಾರಿಕೆ ಇಲಾಖೆಯ ಅನುಮತಿಯ ವಿಷಯ ಕೇಳಿಕೊಳ್ಳಿ.

ಪ್ರಶ್ನೆ: ಹೊಲದಲ್ಲಿ ಬಿದ್ದ ನವಿಲುಗರಿಯನ್ನು ನೊಣಕ್ಕೆ ಬಳಸಬಹುದೇ? ಕಾಡುಕೋಳಿಯ ಕುತ್ತಿಗೆಯ ಗರಿ?
— ಓದುಗರೊಬ್ಬರು, ಸಿಂಧನೂರು

ಉತ್ತರ: ತಾನಾಗಿ ಉದುರಿದ ನವಿಲಿನ ಬಾಲದ ಗರಿಯನ್ನು ದೇಶದೊಳಗೆ ಬಳಸಲು ಕಾನೂನಿನ ಅಡ್ಡಿಯಿಲ್ಲ, ವಿದೇಶಕ್ಕೆ ಕಳಿಸುವಂತಿಲ್ಲ. ಅದರ ಹಸಿರು ಎಳೆಯನ್ನು ತೆಳುವಾದ ತಾಮ್ರದ ತಂತಿಯ ಜೊತೆ ಹೊಸೆದು ಸುತ್ತಿದರೆ ಬೇಗ ಹರಿಯುವುದಿಲ್ಲ. ಕಾಡುಕೋಳಿಯ ಗರಿ ಬೇಡವೇ ಬೇಡ. ಅದನ್ನು ಬೇಟೆಯಾಡುವುದು ಅಪರಾಧ. ಊರಹುಂಜದ ಕುತ್ತಿಗೆಯ ಗರಿ ಆ ಕೆಲಸವನ್ನು ಮಾಡುತ್ತದೆ.