ಸಂಪಾದಕರಾದರೆ ನಾಯಕತ್ವ ಬೆಳೆಯುತ್ತದೆಯೇ?

ವಿದ್ಯಾರ್ಥಿ ಸಂಘಕ್ಕೆ ಸೇರಬೇಕೇ, ಪತ್ರಿಕೋದ್ಯಮ ವಿಭಾಗದ ಪ್ರಾಯೋಗಿಕ ಪತ್ರಿಕೆಯ ಸಂಪಾದಕರಾಗಬೇಕೇ, ಯಾವುದರಿಂದ ನಾಯಕತ್ವ ಬೆಳೆಯುತ್ತದೆ ಎಂದು ಕೇಳಿದ್ದೀರಿ. ಎಂ.ಎ. ಓದುವಾಗ ನಾನೂ ಇದೇ ಲೆಕ್ಕಾಚಾರದಿಂದ ಸಂಪಾದಕನಾದೆ.

ನಮ್ಮದು ನಾಲ್ಕು ಪುಟಗಳ ಟ್ಯಾಬ್ಲಾಯ್ಡ್. ವರದಿಗಳು ನುಡಿ ತಂತ್ರಾಂಶದಲ್ಲಿ ಟೈಪಾಗಿ ಬರುತ್ತಿದ್ದವು. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುತ್ತಿದ್ದೆವು. ಕಿರಿಯರ ಬರವಣಿಗೆ ನನಗೆ ಹಿಡಿಸುತ್ತಿರಲಿಲ್ಲವಾದ್ದರಿಂದ, ಪುಟಗಳು ಮುದ್ರಣಾಲಯಕ್ಕೆ ಹೋಗುವ ಹಿಂದಿನ ರಾತ್ರಿ ಒಬ್ಬನೇ ಕುಳಿತು ಎಲ್ಲರ ವರದಿಗಳನ್ನೂ ಹೊಸದಾಗಿ ಬರೆಯುತ್ತಿದ್ದೆ. ಹೊಣೆ ಹೊರುವುದೆಂದರೆ ಇದೇ ಎಂದು ತಿಳಿದಿದ್ದೆ.

ವಿದ್ಯಾರ್ಥಿನಿಲಯದ ನೀರಿನ ಸಮಸ್ಯೆಯ ಬಗ್ಗೆ ಪ್ರಥಮ ವರ್ಷದ ವಿದ್ಯಾರ್ಥಿನಿಯೊಬ್ಬಳು ‘ಮೂರು ದಿನಕ್ಕೊಮ್ಮೆ ನೀರು ಬಿಡಲಾಗುತ್ತಿದೆ’ ಎಂದು ಬರೆದಿದ್ದಳು. ವಾಕ್ಯ ಸಪ್ಪೆಯೆನಿಸಿ ‘ಮೂರು ದಿನಗಳಿಂದ ನೀರಿಲ್ಲ’ ಎಂದು ಬದಲಿಸಿ, ಅದನ್ನೇ ಶೀರ್ಷಿಕೆಗೂ ಏರಿಸಿದೆ. ಭಾಷೆಯನ್ನು ತಿದ್ದುತ್ತಿದ್ದೇನೆಂದುಕೊಂಡು ಸಂಗತಿಯನ್ನೇ ತಿದ್ದಿದ್ದೆ. ಫೋನ್ ಕೈಯಲ್ಲೇ ಇತ್ತು. ಅವಳನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಬಗೆಹರಿಯುತ್ತಿತ್ತು. ಕೇಳಬೇಕೆಂದು ತೋಚದ್ದಕ್ಕೆ ನಡುರಾತ್ರಿಯ ಆಯಾಸವಷ್ಟೇ ಕಾರಣವಲ್ಲ, ಕಿರಿಯರನ್ನು ಕೇಳುವುದು ಸಂಪಾದಕನಿಗೆ ಕುಂದೆಂಬ ಭಾವನೆಯೂ ಒಳಗಿತ್ತು. ಪತ್ರಿಕೆ ಹಂಚಿದ ದಿನವೇ ನಿಲಯದವರು ನೀರು ಬಿಟ್ಟ ದಿನಗಳ ಪಟ್ಟಿ ಹಿಡಿದು ಬಂದರು. ನೀರಿನ ಪ್ರಶ್ನೆ ಬದಿಗೆ ಸರಿದು, ವರದಿ ಸುಳ್ಳೆಂಬುದೇ ದೊಡ್ಡದಾಯಿತು. ಬೈಲೈನ್, ಅಂದರೆ ವರದಿಯ ಮೇಲಿನ ಹೆಸರು, ಅವಳದಾಗಿದ್ದರಿಂದ ಬೈಗುಳವೂ ಅವಳ ಪಾಲಾಯಿತು.

ವೃತ್ತಪತ್ರಿಕೆಯ ಪ್ರತಿಯೊಂದು ಪ್ರತಿಯ ಮೇಲೂ ಸಂಪಾದಕರ ಹೆಸರು ಅಚ್ಚಾಗಬೇಕೆಂದು ಆಗ ಜಾರಿಯಲ್ಲಿದ್ದ 1867ರ ಪತ್ರಿಕೆ ಮತ್ತು ಪುಸ್ತಕ ನೋಂದಣಿ ಕಾಯ್ದೆ ಹೇಳುತ್ತಿತ್ತು. ಪರೀಕ್ಷೆಗೆಂದು ಅದನ್ನು ಉರುಹೊಡೆದಿದ್ದ ನಾನು, ಮುಂದಿನ ಸಂಚಿಕೆಯ ಕೊನೆಯ ಪುಟದ ಮೂಲೆಯಲ್ಲಿ, ತಪ್ಪು ಯಾರದೆಂದು ಹೇಳದೆ, ಎರಡು ಸಾಲಿನ ತಿದ್ದುಪಡಿ ಹಾಕಿದೆ. ಅವಳು ಪತ್ರಿಕೆ ಬಿಟ್ಟಳು. ಉಳಿದವರು ‘ಹೇಗೂ ಸೀನಿಯರ್ ಬರೆದುಕೊಳ್ಳುತ್ತಾರೆ’ ಎಂದು ಅರೆಬರೆ ವರದಿ ಕೊಡತೊಡಗಿದರು, ಅವರನ್ನು ದೂರುವಂತಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬಗ್ಗೆಯೇ ನನ್ನ ತಕರಾರಿದೆ. ನಾಯಕತ್ವಕ್ಕಾಗಿ ಪತ್ರಿಕೆಗೆ ಬರುವವರು ಪತ್ರಿಕೆಯನ್ನೂ ಕೆಡಿಸುತ್ತಾರೆ, ಜೊತೆಗಾರರನ್ನೂ ಕಳೆದುಕೊಳ್ಳುತ್ತಾರೆ. ಮೊದಲ ವರ್ಷವೇ ಸಂಪಾದಕರಾಗಬೇಡಿ. ಯಾರೂ ಬಯಸದ ಕರಡು ತಿದ್ದುವ ಕೆಲಸವನ್ನು ಕೇಳಿ ಪಡೆಯಿರಿ. ವರದಿಗಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅನುಮಾನ ಬಂದ ವಾಕ್ಯಗಳನ್ನು ಅವರಿಂದಲೇ ತಿದ್ದಿಸಿ. ಇದು ನಿಧಾನದ ಕೆಲಸ, ಸಂಚಿಕೆ ತಡವಾದರೂ ಆಗಬಹುದು, ಆಗಲಿ. ತಪ್ಪು ಅಚ್ಚಾದರೆ ವಿಭಾಗದ ಮುಖ್ಯಸ್ಥರು ಕರೆಯುವ ಮೊದಲೇ ನೀವು ಹೋಗಿ, ತಪ್ಪು ಬಂದ ಪುಟದಲ್ಲೇ ತಿದ್ದುಪಡಿ ಹಾಕಿ.

ವಿದ್ಯಾರ್ಥಿ ಸಂಘದಲ್ಲಿ ನಾನು ಎಂದೂ ಇರಲಿಲ್ಲ. ಆ ಅರ್ಧ ಪ್ರಶ್ನೆಗೆ ಬೇರೆ ಯಾರಾದರೂ ಉತ್ತರಿಸಲಿ.