ಹಾಡಿನ ಸಾಲು ಹಿಡಿದು ಆಳನ್ನ ಹುಡುಕಬಹುದಾ? (ಮೂಗರ್ಜಿ ಪ್ರಶ್ನೆಗೆ ಉತ್ತರ)

ನಮಸ್ಕಾರ ಅಣ್ಣ. ಅಡಿಕೆಯ ಕೊಳೆರೋಗ, ಬೋರ್ಡೋ ದ್ರಾವಣ ಬಿಟ್ಟು ಬೇರೆ ಪ್ರಶ್ನೆ ಗುಂಪಲ್ಲಿ ಬಂತಲ್ಲ, ಖುಷಿ ಆಯ್ತು. ನಿಮ್ಮ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರೋ ಕಾಡುಜಾಗ) ವಿಚಾರಕ್ಕೆ ಸಂಘಕ್ಕೆ ಮೂಗರ್ಜಿ ಬಂದಿದೆ, ಅದರಲ್ಲಿ ತಾಳಮದ್ದಲೆ ಪದ್ಯದ ಒಂದು ಸಾಲೂ ಇದೆ. ಕೊಲೆ ಮಾಡಿ ಪತ್ರಿಕೆಗಳಿಗೆ ಕಾಗದ ಬರೀತಿದ್ದ ಅಮೆರಿಕದ ಝೋಡಿಯಾಕ್ ಕೊಲೆಗಾರನ ಪತ್ರಗಳನ್ನ ಹಾಡು, ಭಾಷೆ ಹಿಡಿದು ಜಾಲಾಡಿದ ಹಾಗೆ ಇದನ್ನೂ ಮಾಡಬಹುದಾ ಅಂತ ಕೇಳಿದೀರಿ. ಮಾಡಬಹುದು. ಆದ್ರೆ ಹಾಡಿಂದ ಶುರು ಮಾಡಬೇಡಿ.

ಯಾಕೆ ಅಂದ್ರೆ, ಝೋಡಿಯಾಕ್ 1970ರ ಜುಲೈನಲ್ಲಿ ಬರೆದ ಪತ್ರದಲ್ಲಿ ಇದ್ದದ್ದು ದಿ ಮಿಕಾಡೊ ಅನ್ನೋ 1885ರ ಹಾಸ್ಯ ಗೀತನಾಟಕದ ಹಾಡು. ಯಾರ್ಯಾರು ಇಲ್ಲದೆ ಹೋದ್ರೂ ನಷ್ಟ ಇಲ್ಲ ಅಂತ ಪಟ್ಟಿ ಓದುವ ಹಾಡು ಅದು. ಮೂಲದಲ್ಲಿ 'ಫ್ಲೋರ್ ಯು ವಿತ್ ಎಮ್ ಫ್ಲಾಟ್' ಅಂತ ಇರೋದು ಇವನ ಕೈಲಿ 'ಇಂಪ್ಲೋರ್ ಯು ವಿತ್ ಇಮ್ ಪ್ಲಾಟ್' ಆಗಿದೆ. ಅರ್ಥವೇ ಇಲ್ಲ. ಪುಸ್ತಕ ಮುಂದಿಟ್ಟುಕೊಂಡು ಬರೆದವನಿಗೆ ಇಂಥ ತಪ್ಪು ಆಗೋದು ಕಷ್ಟ, ಕಿವಿಯಲ್ಲಿ ಕಲಿತವನಿಗೆ ಆಗ್ತದೆ. ನಮ್ಮೂರ ಭಜನೆಯಲ್ಲಿ ಎಷ್ಟು ದೇವರನಾಮ ಹೀಗೆ ಅರ್ಥ ಕಳಕೊಂಡು ಓಡಾಡ್ತಿಲ್ಲ! 1974ರ ಪತ್ರದಲ್ಲೂ ಅದೇ ನಾಟಕದ ಇನ್ನೊಂದು ಹಾಡಿನ ಸಾಲು ಇದೆ, ಅಂದ್ರೆ ಅದು ಅವನ ತಲೆಯಲ್ಲೇ ಕೂತಿತ್ತು. ಸರಿ, ಇಷ್ಟರಿಂದ ಏನು ಸಿಕ್ತು? ಆ ನಾಟಕವನ್ನ ಶಾಲೆಗಳವರು, ಹವ್ಯಾಸಿ ತಂಡದವರು ದಶಕಗಟ್ಟಲೆ ಆಡಿದಾರೆ. ಹಾಡು ಗೊತ್ತಿದ್ದವರು ಲಕ್ಷಗಟ್ಟಲೆ ಜನ. ನಮ್ಮ ಸೀಮೆಯಲ್ಲಿ ಪ್ರಸಂಗದ ಪದ್ಯ ಬಂದವನೇ ಮೂಗರ್ಜಿ ಬರೆದವನು ಅಂತ ಹೊರಟ್ರೆ ಸಾಗರದಿಂದ ತೀರ್ಥಹಳ್ಳಿವರೆಗೆ ಅರ್ಧ ಜನ ಆರೋಪಿಗಳೇ.

ಇದನ್ನ ಅನುಭವದ ಮೇಲೆ ಹೇಳ್ತಿದೀನಿ. ಹಿಂದೊಮ್ಮೆ ನಮ್ಮೂರಲ್ಲಿ ಇಂಥದ್ದೇ ಕಾಗದ ಬಂದಾಗ ಪದ್ಯದ ಸಾಲು ನೋಡಿ ನಾನು ನಮ್ಮ ನೆಂಟರೊಬ್ಬರ ಹೆಸರು ಹೇಳಿಬಿಟ್ಟೆ. ಬರೆದವರು ಬೇರೆ. ಆ ಮನೆಗೂ ನಮಗೂ ಮೂರು ವರ್ಷ ಮಾತಿಲ್ಲ, ತೋಟದ ಕೊನೆಕೊಯ್ಲಿಗೂ ಆಳು ಕಳಿಸಲಿಲ್ಲ.

ಹಾಡಿಗಿಂತ ಗಟ್ಟಿ ಸುಳಿವು ಬರೆಯೋನಿಗೇ ಗೊತ್ತಾಗದೆ ಬೀಳೋ ಮಾತು. ಅಮೆರಿಕದ್ದೇ ಇನ್ನೊಂದು ಕಥೆ ಕೇಳಿ. ಮಗು ಕದ್ದವನು ಹಣ ಕೇಳಿ ಬರೆದ ಚೀಟಿಯಲ್ಲಿ ದುಡ್ಡನ್ನ 'ಡೆವಿಲ್ ಸ್ಟ್ರಿಪ್' ಮೇಲಿನ ಕಸದ ಡಬ್ಬಿಯಲ್ಲಿಡಿ ಅಂತ ಇತ್ತು. ರಸ್ತೆಗೂ ಕಾಲುದಾರಿಗೂ ನಡುವಿನ ಹುಲ್ಲುಪಟ್ಟಿಗೆ ಹಾಗನ್ನೋದು ಓಹಾಯೊ ರಾಜ್ಯದ ಆಕ್ರನ್ ಊರಿನ ಕಡೆಯವರು. ಜತೆಗೆ ಅವನು ಕ್ಯಾನ್, ಕಾಪ್ಸ್ ಥರದ ಸುಲಭದ ಪದ ತಪ್ಪು ಬರೆದು, 'ಪ್ರೆಷಸ್' ಅನ್ನೋ ಕಷ್ಟದ ಪದ ಸರಿಯಾಗಿ ಬರೆದಿದ್ದ. ಭಾಷಾತಜ್ಞ ರೋಜರ್ ಶುಯಿ ಇವೆರಡನ್ನೂ ಹಿಡಿದು, ಓದಿದವನೇ ಓದದವನ ವೇಷ ಹಾಕಿದಾನೆ, ಆ ಊರ ಕಡೆಯವನೇ ಅಂದ್ರು.

ಈಗ ನೀವು ಕಳಿಸಿದ ಮೂಗರ್ಜಿಯ ಫೋಟೋ ನೋಡಿ. ಹಣಕ್ಕೆ 'ಅಣ', ಹಾಳಿಗೆ 'ಆಳು' ಅಂತ ಬರೆದ ಮನುಷ್ಯ 'ಅನಧಿಕೃತ ಒತ್ತುವರಿ'ಯಲ್ಲಿ ಒಂದು ಮಹಾಪ್ರಾಣವನ್ನೂ ತಪ್ಪಿಸಿಲ್ಲ! ವೇಷ ಅಂತಲೇ ನನ್ನ ಅನುಮಾನ. ಇನ್ನೊಂದು, ಎರಡನೇ ಪ್ಯಾರಾದಲ್ಲಿ ನಿಮ್ಮ ಜಾಗವನ್ನ ಒಂದು ಕಡೆ 'ಕುಮ್ಕಿ' ಅಂದಿದಾರೆ. 1964ರ ಭೂಕಂದಾಯ ಕಾಯ್ದೆಯಲ್ಲೇ ಇದೆ: ನಮ್ಮ ಹಳೇ ಮೈಸೂರು ಭಾಗಕ್ಕೆ ಕಾನು, ಸೊಪ್ಪಿನಬೆಟ್ಟ; ದಕ್ಷಿಣ ಕನ್ನಡಕ್ಕೆ ಕುಮ್ಕಿ; ಕೊಡಗಿಗೆ ಬಾಣೆ. ಇಲ್ಲೇ ಹುಟ್ಟಿ ಬೆಳೆದವರ ಬಾಯಲ್ಲಿ ಕುಮ್ಕಿ ಬರೋದು ಅಪರೂಪ. ಹಾಗಂತ ಈಗಲೇ ಘಟ್ಟದ ಕೆಳಗಿಂದ ಬಂದ ಪಕ್ಕದ ಮನೆಯವರ ಕಡೆ ತಿರುಗಬೇಡಿ ಮಾರಾಯ್ರೆ. ಟೈಪ್ ಮಾಡಿದ ಹುಡುಗ ಪುತ್ತೂರಿನವನಿರಬಹುದು. 'ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ' ಅನ್ನೋದಂತೂ ಅರ್ಜಿ ಬರೆಯೋರೆಲ್ಲರ ಆಸ್ತಿ, ಅದನ್ನ ಲೆಕ್ಕಕ್ಕೇ ತಗೋಬೇಡಿ.

ಮರುಕಳಿಸೋ ತಪ್ಪನ್ನ ಗುರುತು ಹಾಕ್ಕೊಳ್ಳಿ. ಝೋಡಿಯಾಕ್ 1969ರಲ್ಲಿ ಕಳಿಸಿದ 408 ಚಿಹ್ನೆಗಳ ಗುಪ್ತಲಿಪಿಯನ್ನ ಒಬ್ಬ ಶಾಲೆ ಮೇಷ್ಟ್ರು, ಅವರ ಹೆಂಡತಿ ಸೇರಿ ಸುಮಾರು ವಾರದಲ್ಲೇ ಬಿಡಿಸಿದ್ರು. ಇವನು ಕೊಲ್ಲೋ ಮಾತೇ ಆಡಿರ್ತಾನೆ ಅಂತ ಆಯಮ್ಮ ಊಹೆ ಮಾಡಿದ್ದೇ ಬೀಗದಕೈ ಆಯ್ತು. ಅದೇ ವರ್ಷದ 340 ಚಿಹ್ನೆಗಳದ್ದು ಬಿಡಿಸಿದ್ದು 2020ರ ಡಿಸೆಂಬರಲ್ಲಿ. ಎರಡರಲ್ಲೂ ಪ್ಯಾರಡೈಸ್ ಪದಕ್ಕೆ ಎಸ್ ಬದಲು ಸಿ ಹಾಕಿದಾನೆ. ಇಷ್ಟಿದ್ದೂ ಹೆಸರು ಸಿಕ್ಕಿಲ್ಲ, ನೆನಪಿರಲಿ. ಯಾಕಂದ್ರೆ ಹೋಲಿಸೋಕೆ ಇನ್ನೊಂದು ಬರಹ ಬೇಕು. ಅಮೆರಿಕದಲ್ಲಿ ಅಂಚೆಯಲ್ಲಿ ಬಾಂಬ್ ಕಳಿಸ್ತಿದ್ದ ಕಜಿನ್‌ಸ್ಕಿ ಸಿಕ್ಕಿದ್ದು ಹಾಗೆ: 1995ರಲ್ಲಿ ಅವನ 35,000 ಪದಗಳ ಬರಹ ಪತ್ರಿಕೆಯಲ್ಲಿ ಬಂದಾಗ ಅತ್ತಿಗೆ... ಅಲ್ಲ, ತಮ್ಮನ ಹೆಂಡತಿಗೆ ಮೊದಲು ಸಂಶಯ, ಆಮೇಲೆ ತಮ್ಮ ಹಳೇ ಕಾಗದ ತೆಗೆದು ನೋಡಿದ. ನಿಮಗೆ ಸಂಘದ ನಡಾವಳಿ ಪುಸ್ತಕ ಇದೆಯಲ್ಲ, ಹತ್ತು ವರ್ಷದ್ದು ತೆಗೀರಿ.

ಭಾಷೆ ಸರಿಯಾಗಿ ಹೇಳಿಯೂ ದಾರಿ ತಪ್ಪಿದ್ದುಂಟು. 1979ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್ ಸರಣಿ ಕೊಲೆಗಳನ್ನ ಮಾಡ್ತಿರೋದು ನಾನೇ ಅಂತ ಪೊಲೀಸರಿಗೆ ಒಂದು ಕ್ಯಾಸೆಟ್ ಬಂತು, ಕೊನೆಗೆ ಸಿನಿಮಾ ಥರ ಒಂದು ಪಾಪ್ ಹಾಡು ಬೇರೆ. ಉಚ್ಚಾರ ಕೇಳಿ ತಜ್ಞರು ಸಂಡರ್‌ಲ್ಯಾಂಡಿನ ಒಂದು ಕೇರಿಯನ್ನೇ ತೋರಿಸಿದ್ರು. ಕ್ಯಾಸೆಟ್ಟಿನವನು ನಿಜಕ್ಕೂ ಅಲ್ಲಿಯವನೇ, ಆದ್ರೆ ಕೊಲೆಗಾರ ಅಲ್ಲ! ನಿಜವಾದ ಕೊಲೆಗಾರ ಸಿಕ್ಕಿದ್ದು 1981ರಲ್ಲಿ, ಅಷ್ಟರಲ್ಲಿ ಇನ್ನೂ ಮೂವರು ಹೆಂಗಸರು ಸತ್ತಿದ್ರು. ಸುಳ್ಳು ಹೇಳಿದವನು 2005ರಲ್ಲಿ ಸಿಕ್ಕಿದ, ಅದೂ ಲಕೋಟೆಗೆ ಹಚ್ಚಿದ್ದ ಎಂಜಲಿನ ಡಿಎನ್‌ಎಯಿಂದ.

ಹಾಗಾಗಿ ಆ ಲಕೋಟೆಯನ್ನ ಬಿಸಾಡಬೇಡಿ, ಲ್ಯಾಮಿನೇಷನ್ನೂ ಬೇಡ. ಒಣಗಿದ ಕಾಗದದ ಕವರಲ್ಲಿ ಹಾಕಿ, ನಮ್ಮ ಮಳೆಗಾಲದ ತೇವ ತಾಗದ ಹಾಗೆ ಇಡಿ. ಅಂಚೆ ಮುದ್ರೆಯ ಊರು, ತಾರೀಕು ಬರೆದಿಟ್ಕೊಳ್ಳಿ. ಜೀವಬೆದರಿಕೆ ಮಾತು ಒಂದಿದ್ರೂ ಮೂಲ ಪ್ರತಿ ಪೊಲೀಸರಿಗೆ. ಪದಗಳ ಪಟ್ಟಿ ಮಾಡಿದ್ರೆ ಗುಂಪಿಗೆ ಹಾಕದೆ ನನಗೊಬ್ಬನಿಗೇ ಕಳಿಸಿ, ಯಾರ ಹೆಸರೂ ಬರೀಬೇಡಿ. ಅಂದ ಹಾಗೆ, ಎರಡನೇ ಸಲದ ಕೊಳೆ ಔಷಧಿ ಹೊಡೆದಾಯ್ತಾ?